ಜಿಮ್ನೊಸೊಫಿಸ್ಟ್ ಮತ್ತು ನಿರ್ಗ್ರಂಥ: ಒಂದು ಗ್ರೀಕ್ ಪದದ ಅರ್ಥವಿಚಾರ

ಜೈನಧರ್ಮದ ಪ್ರಾಚೀನತೆಯನ್ನು ಕುರಿತ ಲೇಖನಗಳಲ್ಲಿ, ಪಂಚಕಲ್ಯಾಣ ಮಹೋತ್ಸವಗಳ ಸ್ಮರಣ ಸಂಚಿಕೆಗಳಲ್ಲಿ, ಧಾರ್ಮಿಕ ಭಾಷಣಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ಗ್ರೀಕ್ ದೊರೆ ಅಲೆಕ್ಸಾಂಡರನು ತಕ್ಷಶಿಲೆಯಲ್ಲಿ ದಿಗಂಬರ ಮುನಿಗಳ ಪಾದಕ್ಕೆರಗಿದನು. ಕಲ್ಯಾಣಮುನಿಗಳೆಂಬವರು ಅವನೊಡನೆ ಪರ್ಷಿಯಾದವರೆಗೆ ವಿಹಾರ ಮಾಡಿದರು. ಗ್ರೀಕರು ಈ ಮುನಿಗಳನ್ನು 'ಜಿಮ್ನೊಸೊಫಿಸ್ಟ್' ಎಂದು ಕರೆದರು ಎಂಬುದೇ ಆ ಮಾತು. ಪದವಂತೂ ನಿಜವಾಗಿಯೂ ಇದೆ. ಆದರೆ ಅದರ ಅರ್ಥವೇನು, ಅದನ್ನು ಯಾರು ಯಾರಿಗೆ ಬಳಸಿದರು, ಅದರ ಆಧಾರದಿಂದ ಜೈನ ಸಮಾಜವು ಎಷ್ಟನ್ನು ತನ್ನದೆಂದು ಹೇಳಿಕೊಳ್ಳಬಹುದು ಎಂಬ ವಿಚಾರ ಅಷ್ಟಾಗಿ ನಡೆದಿಲ್ಲ.

ತೂಕ ನೋಡುವಾಗ ತಕ್ಕಡಿಗೆ ಎರಡು ತಟ್ಟೆಗಳು ಬೇಕು. ಈ ವಿಚಾರದಲ್ಲಿ ಒಂದು ತಟ್ಟೆ ಗ್ರೀಕ್ ಗ್ರಂಥಗಳಲ್ಲಿದೆ. ಇನ್ನೊಂದು ತಟ್ಟೆ ದೂರದಲ್ಲೇನೂ ಇಲ್ಲ. ಅದು ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಜೊಯಿಡಾ ತಾಲೂಕುಗಳ ಗಡಿಯಾಚೆ, ಖಾನಾಪುರ ತಾಲೂಕಿನ ಹಲಸಿಯಲ್ಲಿ ದೊರೆತ ತಾಮ್ರಪಟಗಳಲ್ಲಿದೆ. ಎರಡನ್ನೂ ಕ್ರಮವಾಗಿ ಪರಿಶೀಲಿಸುವುದು ಉಚಿತ.

ಪದದ ವ್ಯುತ್ಪತ್ತಿ

ಗ್ರೀಕ್ ಭಾಷೆಯಲ್ಲಿ ಈ ಪದದ ರೂಪ 'ಗುಮ್ನೊಸೊಫಿಸ್ತೇಸ್', ಬಹುವಚನದಲ್ಲಿ 'ಗುಮ್ನೊಸೊಫಿಸ್ತಾಯ್'. ಇದು ಎರಡು ಪದಗಳ ಸಮಾಸ. ಮೊದಲನೆಯದಾದ 'ಗುಮ್ನೊಸ್' ಎಂದರೆ ಬತ್ತಲೆ. ಭಾಷಾಶಾಸ್ತ್ರಜ್ಞರು ಇದನ್ನು ಸಂಸ್ಕೃತದ 'ನಗ್ನ', ಲ್ಯಾಟಿನ್ನಿನ 'ನೂಡುಸ್', ಇಂಗ್ಲಿಷಿನ 'ನೇಕೆಡ್' ಪದಗಳ ಮೂಲಕ್ಕೇ ಸೇರಿಸುತ್ತಾರೆ. ಗ್ರೀಕಿನಲ್ಲಿ ಧ್ವನಿಗಳು ಪಲ್ಲಟಗೊಂಡಿರುವುದರಿಂದ ಬಾಂಧವ್ಯ ಮೇಲ್ನೋಟಕ್ಕೆ ಕಾಣುವುದಿಲ್ಲ. ಈ ಪದಕ್ಕೆ ಪೂರ್ಣ ನಗ್ನತೆಯೊಂದೇ ಅರ್ಥವೂ ಅಲ್ಲ. ಮೇಲುವಸ್ತ್ರವನ್ನು ತೆಗೆದಿಟ್ಟು ಒಳ ಅಂಗಿಯಲ್ಲಿ ಇರುವವನಿಗೂ, ಕವಚವಿಲ್ಲದ ಯೋಧನಿಗೂ ಗ್ರೀಕರು ಇದೇ ಪದವನ್ನು ಬಳಸುತ್ತಿದ್ದರು.

ಗ್ರೀಕ್ ಪುರುಷರು ಬತ್ತಲೆಯಾಗಿ ವ್ಯಾಯಾಮ ಮಾಡುತ್ತಿದ್ದ ಅಂಗಣಕ್ಕೆ 'ಗುಮ್ನಾಸಿಯೊನ್' ಎಂದು ಹೆಸರು. ಇಂದು ಪಟ್ಟಣ ಪಟ್ಟಣಗಳಲ್ಲಿರುವ 'ಜಿಮ್' ಎಂಬ ಫಲಕಗಳು ಈ ಪದದ ತುಂಡು. ಅಥೆನ್ಸಿನಲ್ಲಿ ಪ್ಲೇಟೋನ ಅಕಾಡೆಮಿಯೂ ಅರಿಸ್ಟಾಟಲನ ಲೈಸಿಯಮ್ಮೂ ಇಂಥ ಅಂಗಣಗಳಿದ್ದ ಸ್ಥಳಗಳಲ್ಲೇ ಬೆಳೆದವು. ಆದ್ದರಿಂದಲೇ ಜರ್ಮನಿಯಲ್ಲಿ 'ಗಿಮ್ನಾಸಿಯುಂ' ಎಂದರೆ ಇಂದಿಗೂ ಪ್ರೌಢ ವಿದ್ಯಾಶಾಲೆ.

ಎರಡನೆಯದು 'ಸೊಫಿಸ್ತೇಸ್'. 'ಸೊಫಿಯಾ' ಎಂದರೆ ಪ್ರಜ್ಞೆ, ಜಾಣ್ಮೆ. ಆದಿಯಲ್ಲಿ ಕವಿ, ಋಷಿ, ಕುಶಲಿಗಳೆಲ್ಲರಿಗೂ ಸಲ್ಲುತ್ತಿದ್ದ ಈ ಗೌರವದ ಪದ ಕ್ರಿ.ಪೂ. 5ನೆಯ ಶತಮಾನದಲ್ಲಿ ಶುಲ್ಕ ಪಡೆದು ವಾದವಿದ್ಯೆಯನ್ನು ಕಲಿಸುತ್ತಿದ್ದ ಪ್ರೊಟಗೋರಸ್ ಮೊದಲಾದವರಿಗೆ ಅಂಟಿಕೊಂಡಿತು. ಪ್ಲೇಟೋ ಅವರನ್ನು ಕಟುವಾಗಿ ಟೀಕಿಸಿದ ಮೇಲೆ ಪದಕ್ಕೆ ಕುತರ್ಕಿ ಎಂಬ ಛಾಯೆಯೂ ಬಂದಿತು. ಹೀಗೆ ಒಂದು ತುದಿಯಲ್ಲಿ ಪೂಜ್ಯತೆ, ಇನ್ನೊಂದು ತುದಿಯಲ್ಲಿ ಸಂದೇಹ, ಎರಡನ್ನೂ ಹೊತ್ತ ಪದವಿದು. ಎರಡೂ ಕೂಡಿದಾಗ ದೊರೆಯುವ ಅರ್ಥ 'ಬತ್ತಲೆ ಜ್ಞಾನಿ'.

ಗಮನಿಸಬೇಕಾದ ಅಂಶವೆಂದರೆ, ಇದು ಯಾವ ಮತದ ಹೆಸರೂ ಅಲ್ಲ. ಆ ಜ್ಞಾನಿಗಳು ಏನನ್ನು ನಂಬಿದ್ದರು, ಯಾವ ವ್ರತವನ್ನು ಪಾಲಿಸುತ್ತಿದ್ದರು ಎಂಬುದನ್ನು ಇದು ಹೇಳುವುದಿಲ್ಲ. ಪರದೇಶಿಯ ಕಣ್ಣಿಗೆ ಮೊದಲು ಬಿದ್ದದ್ದನ್ನಷ್ಟೇ ಹೇಳುತ್ತದೆ.

ತಕ್ಷಶಿಲೆಯ ಭೇಟಿ

ಅಲೆಕ್ಸಾಂಡರನು ತಕ್ಷಶಿಲೆಗೆ ಬಂದದ್ದು ಕ್ರಿ.ಪೂ. 326ರಲ್ಲಿ. ಅವನೊಡನಿದ್ದ ಒನೆಸಿಕ್ರಿಟಸ್, ಅರಿಸ್ಟೊಬುಲಸ್, ನಿಯಾರ್ಕಸ್ ಎಂಬ ಮೂವರು ಬರೆದ ಮೂಲ ಗ್ರಂಥಗಳು ಉಳಿದಿಲ್ಲ. ಅವುಗಳ ಸಾರ ಮೂರು ಶತಮಾನಗಳ ತರುವಾಯ ಬಂದ ಸ್ಟ್ರಾಬೊ, ಅವನಿಗೂ ಈಚಿನ ಪ್ಲುಟಾರ್ಕ್ ಮತ್ತು ಆರಿಯನ್ ಇವರ ಗ್ರಂಥಗಳಲ್ಲಿ ಉಳಿದುಬಂದಿದೆ.

ಒನೆಸಿಕ್ರಿಟಸನ ವೃತ್ತಾಂತದ ಪ್ರಕಾರ, ನಗರದಿಂದ 20 ಸ್ಟೇಡಿಯಾ, ಅಂದರೆ ಸುಮಾರು 4 ಕಿಲೋಮೀಟರು ದೂರದಲ್ಲಿ 15 ಮಂದಿ ಬತ್ತಲೆಯಾಗಿ ನಿಂತು, ಕುಳಿತು, ಮಲಗಿ ಸಂಜೆಯವರೆಗೆ ಅಲುಗದೆ ಇದ್ದರು. ಮಧ್ಯಾಹ್ನದಲ್ಲಿ ಬರಿಗಾಲಿಡಲಾಗದಷ್ಟು ಬಿಸಿಲು. ಅವರು ಯಾರ ಬಳಿಗೂ ಹೋಗುವವರಲ್ಲ; ಬೇಕಾದವರೇ ಬರಬೇಕು. ತಾನಾಗಿ ಹೋಗುವುದು ರಾಜಗೌರವಕ್ಕೆ ತಕ್ಕುದಲ್ಲವೆಂದೂ ಅವರನ್ನು ಬಲವಂತವಾಗಿ ಕರೆತರುವುದು ಸಲ್ಲದೆಂದೂ ಎಣಿಸಿ ಅಲೆಕ್ಸಾಂಡರನು ಒನೆಸಿಕ್ರಿಟಸನನ್ನೇ ಕಳುಹಿಸಿದನು. ಎಂದರೆ ಈ ಪ್ರಸಂಗದಲ್ಲಿ ದೊರೆ ಪಾದಕ್ಕೆರಗುವುದಿರಲಿ, ಅಲ್ಲಿಗೆ ಹೋಗಲೂ ಇಲ್ಲ.

ಕಲ್ಲುಗಳ ಮೇಲೆ ಮಲಗಿದ್ದ ಕಲಾನಸ್ ಎಂಬವನು, ಉಪದೇಶ ಬೇಕಾದರೆ ಬಟ್ಟೆ ಕಳಚಿ ಅದೇ ಕಲ್ಲುಗಳ ಮೇಲೆ ಮಲಗಬೇಕೆಂದು ದೂತನಿಗೆ ಆಜ್ಞಾಪಿಸಿದನಂತೆ. ಆ ಗುಂಪಿನ ಹಿರಿಯನಾದ ಮಂಡನಿಸ್, ಇವನನ್ನೇ ಪ್ಲುಟಾರ್ಕ್ ದಂಡಮಿಸ್ ಎನ್ನುತ್ತಾನೆ, ಕಲಾನಸನ ಉದ್ಧಟತನವನ್ನು ಗದರಿ ಅತಿಥಿಯನ್ನು ಮೃದುವಾಗಿ ಮಾತನಾಡಿಸಿದನು. ಆದರೆ ಆ ಸಂವಾದವು ಒಬ್ಬರ ನಂತರ ಒಬ್ಬರಂತೆ ಮೂವರು ದುಭಾಷಿಗಳ ಮೂಲಕ ಸಾಗಬೇಕಾಯಿತು. ಅವರಿಗೆ ಭಾಷೆಯೊಂದನ್ನು ಬಿಟ್ಟರೆ ತತ್ತ್ವದ ಗಂಧವಿರಲಿಲ್ಲ. ಇದು ಕೆಸರಿನ ಮೂಲಕ ನಿರ್ಮಲವಾದ ನೀರು ಹರಿಯಲಿ ಎಂದು ಬಯಸಿದಂತೆ ಎಂಬ ಅರ್ಥದ ಮಾತನ್ನು ಮಂಡನಿಸನೇ ಆಡಿದನೆಂದು ಸ್ಟ್ರಾಬೊ ತಿಳಿಸುತ್ತಾನೆ. ಈ ಎಚ್ಚರಿಕೆ ಮೂಲದಲ್ಲೇ ಇರುವಾಗ, ಆ ಕೆಸರನ್ನು ದಾಟಿ ಬಂದ ಮಾತುಗಳಿಂದ ಒಂದು ಮತದ ಗುರುತನ್ನು ಖಚಿತವಾಗಿ ಹಿಡಿಯಲು ಹೊರಡುವವರು ಎಷ್ಟು ಜಾಗರೂಕರಾಗಿರಬೇಕು!

'ಕಲ್ಯಾಣಮುನಿ' ಎಂಬ ಹೆಸರಿನ ವಿಷಯವೂ ಹೀಗೆಯೇ. ಪ್ಲುಟಾರ್ಕನ ಪ್ರಕಾರ ಆತನ ನಿಜವಾದ ಹೆಸರು ಸ್ಫಿನೆಸ್. ಎದುರಾದವರಿಗೆ 'ಕಲೆ' ಎಂದು ವಂದಿಸುತ್ತಿದ್ದುದರಿಂದ ಗ್ರೀಕರು ಕಲಾನಸ್ ಎಂದು ಅಡ್ಡಹೆಸರಿಟ್ಟರು. ಆ ವಂದನೆಯ ಹಿಂದೆ 'ಕಲ್ಯಾಣ' ಎಂಬ ಪದವಿದ್ದಿರಬಹುದು. ಆದರೆ 'ಮುನಿ' ಎಂಬುದು ಅಲ್ಲಿಲ್ಲ. ಅದು ಈಚಿನವರ ಸೇರ್ಪಡೆ.

ಒಂದೇ ಹೆಸರು, ಹಲವು ಜನ

ಅವರು ಯಾವ ಮತದವರು? ಗ್ರೀಕ್ ಸಾಕ್ಷಿಗಳೇ ಒಂದಾಗಿ ನುಡಿಯುವುದಿಲ್ಲ. ತಕ್ಷಶಿಲೆಯಲ್ಲಿ ತಾನು ಕಂಡ ಇಬ್ಬರೂ ಬ್ರಾಹ್ಮಣರು, ಹಿರಿಯನು ಮುಂಡಿತಶಿರಸ್ಕ, ಕಿರಿಯನು ಜಟಾಧಾರಿ ಎನ್ನುತ್ತಾನೆ ಅರಿಸ್ಟೊಬುಲಸ್. ಅವರು ದೊರೆಯ ಪಂಕ್ತಿಗೆ ಬಂದು ನಿಂತೇ ಉಂಡರೆಂದೂ ಅವನು ಹೇಳುತ್ತಾನೆ. ನಿಂತು ಆಹಾರ ಸ್ವೀಕರಿಸುವುದು ದಿಗಂಬರ ಮುನಿಚರ್ಯೆಯ ಒಂದು ನಿಯಮ. ಆದರೆ ರಾಜನ ಭೋಜನದ ಪಂಕ್ತಿಗೆ ಹೋಗುವುದು ಆ ಚರ್ಯೆಯಲ್ಲಿಲ್ಲ. ನಿಯಾರ್ಕಸನು ಬ್ರಾಹ್ಮಣರು ಅರಸರ ಸಲಹೆಗಾರರೆಂದೂ ಉಳಿದ ಜ್ಞಾನಿಗಳು ಪ್ರಕೃತಿಯನ್ನು ವಿಚಾರಿಸುವವರೆಂದೂ ವಿಂಗಡಿಸಿ, ಕಲಾನಸನನ್ನು ಎರಡನೆಯ ವರ್ಗಕ್ಕೆ ಸೇರಿಸುತ್ತಾನೆ. ಪ್ಲುಟಾರ್ಕನು ವರ್ಣಿಸುವ ಬೇರೊಂದು ಪ್ರಸಂಗದಲ್ಲಿ ಅಲೆಕ್ಸಾಂಡರನ ವಿರುದ್ಧ ದಂಗೆಗೆ ಪ್ರಚೋದಿಸಿದ ಹತ್ತು ಮಂದಿ ಜಿಮ್ನೊಸೊಫಿಸ್ಟರು ಸೆರೆಸಿಕ್ಕು, ಒಗಟಿನಂಥ ಪ್ರಶ್ನೆಗಳಿಗೆ ಉತ್ತರಿಸಿ, ಬಹುಮಾನ ಪಡೆದು ಬಿಡುಗಡೆ ಹೊಂದುತ್ತಾರೆ. ರಾಜ್ಯದ ದಂಗೆಗೂ ನಿರ್ಗ್ರಂಥ ಮುನಿಗಳಿಗೂ ಏನು ಸಂಬಂಧ?

ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಮೆಗಸ್ತನೀಸನು ಭಾರತದ ಜ್ಞಾನಿಗಳನ್ನು ಬ್ರಾಹ್ಮಣರು ಮತ್ತು ಶ್ರಮಣರು ಎಂದು ಎರಡು ಬಗೆಯಾಗಿ ಹೇಳಿದನು. ಅವನ ಶ್ರಮಣರಲ್ಲಿ ಶ್ರೇಷ್ಠರಾದ ವನವಾಸಿಗಳು ಉಡುವುದು ಮರದ ತೊಗಟೆಯನ್ನು. ಅವರನ್ನು ದಿಗಂಬರರೆನ್ನಲಾಗದು. ಇನ್ನು ಅಶೋಕನ ಏಳನೆಯ ಸ್ತಂಭಶಾಸನವು ಬೌದ್ಧ ಸಂಘ, ಬ್ರಾಹ್ಮಣರು, ಆಜೀವಿಕರು, ನಿರ್ಗ್ರಂಥರು ಎಂದು ಬೇರೆ ಬೇರೆಯಾಗಿ ಹೆಸರಿಸುತ್ತದೆ. ಇವರಲ್ಲಿ ಆಜೀವಿಕರೂ ನಗ್ನರಾಗಿಯೇ ಇರುತ್ತಿದ್ದರು. ಆದ್ದರಿಂದ ನಗ್ನತೆಯೊಂದೇ ಜೈನತ್ವಕ್ಕೆ ಪ್ರಮಾಣವಾಗದು. ಕ್ರಿ.ಶ. 3ನೆಯ ಶತಮಾನದ ಫಿಲೊಸ್ಟ್ರಾಟಸನ ಗ್ರಂಥಕ್ಕೆ ಬಂದಾಗ ಬತ್ತಲೆ ಜ್ಞಾನಿಗಳು ಆಫ್ರಿಕಾದ ನೈಲ್ ನದಿಯ ಮೇಲ್ದಂಡೆಯಲ್ಲಿಯೂ ಕಾಣಿಸಿಕೊಳ್ಳುತ್ತಾರೆ.

ಹಾಗೆಂದು ಗ್ರೀಕರಿಗೆ ಜೈನರ ಪರಿಚಯವೇ ಇರಲಿಲ್ಲವೆಂದು ಹೇಳುವುದೂ ಅತಿರೇಕ. ಕ್ರಿ.ಶ. 200ರ ಸುಮಾರಿನ ಅಲೆಕ್ಸಾಂಡ್ರಿಯಾದ ಕ್ಲೆಮೆಂಟನು 'ಸೆಮ್ನೊಯ್' ಎಂಬವರನ್ನು ಹೆಸರಿಸುತ್ತಾನೆ. ಅವರು ಜೀವಮಾನವಿಡೀ ನಗ್ನರು, ಸತ್ಯವ್ರತಿಗಳು, ಬ್ರಹ್ಮಚಾರಿಗಳು, ದೇವನೊಬ್ಬನ ಅಸ್ಥಿಗಳಿರುವುದೆಂದು ನಂಬಿದ ಒಂದು ಶಿಖರಾಕೃತಿಯನ್ನು ಪೂಜಿಸುವವರು. ಸ್ತೂಪಪೂಜೆ ಬೌದ್ಧರಿಗೆ ಮಾತ್ರ ಸೀಮಿತವಾಗಿರಲಿಲ್ಲವೆಂಬುದನ್ನು ಮಥುರೆಯ ಕಂಕಾಲಿ ಟೀಲಾದಲ್ಲಿ 19ನೆಯ ಶತಮಾನದ ಕೊನೆಯಲ್ಲಿ ದೊರೆತ ಜೈನ ಸ್ತೂಪದ ಅವಶೇಷಗಳು ತೋರಿಸಿವೆ. ಹೆಸಿಕಿಯಸನ ಗ್ರೀಕ್ ನಿಘಂಟಿನಲ್ಲಿ 'ಗೆನ್ನೊಯ್' ಎಂಬ ಪದಕ್ಕೆ ಜಿಮ್ನೊಸೊಫಿಸ್ಟರು ಎಂದು ಅರ್ಥ ಕೊಟ್ಟಿದೆ. ಇದು 'ಜೈನ' ಪದದ ರೂಪವಾಗಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಇವು ಬೆಲೆಯುಳ್ಳ ಸುಳಿವುಗಳು. ಆದರೆ ಇವೆಲ್ಲ ಅಲೆಕ್ಸಾಂಡರನಿಗಿಂತ ಐದಾರು ಶತಮಾನಗಳಿಗೂ ಹೆಚ್ಚು ಈಚಿನವು. ಸುಳಿವನ್ನು ಸುಳಿವೆಂದೇ ಬರೆದುಕೊಳ್ಳಬೇಕು, ಸಂದಾಯವಾದ ಹಣವೆಂದು ಜಮೆ ಮಾಡಬಾರದು.

ಹೊರಗಿನ ಕಣ್ಣು ಹೀಗೆ ಹಲವರನ್ನು ಒಂದೇ ಹೆಸರಿನಲ್ಲಿ ಕಟ್ಟಿಹಾಕುವುದು ಅಸಹಜವೇನಲ್ಲ. ಮುಂಡಗೋಡದ ಬಳಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಸ್ಥಾಪನೆಯಾಯಿತು. ಗಾಂದೆನ್, ದ್ರೆಪುಂಗ್ ಎಂಬ ಪ್ರಸಿದ್ಧ ವಿಹಾರಗಳು ಅಲ್ಲಿ ಮತ್ತೆ ನೆಲೆಗೊಂಡವು. ಕೆಂಗಂದು ಬಣ್ಣದ ವಸ್ತ್ರ ಧರಿಸಿ ಪೇಟೆಗೆ ಬರುವ ಪ್ರತಿಯೊಬ್ಬರನ್ನೂ ಸುತ್ತಲಿನ ಜನ 'ಲಾಮಾ' ಎನ್ನುವುದು ರೂಢಿ. ಆದರೆ ಟಿಬೆಟನ್ನರಲ್ಲಿ ಲಾಮಾ ಎಂದರೆ ಗುರು. ಪೂರ್ಣ ದೀಕ್ಷೆ ಹೊಂದಿದ ಭಿಕ್ಷುವಿಗೆ ಅವರಲ್ಲಿ 'ಗೆಲೊಂಗ್' ಎಂಬ ಬೇರೆ ಹೆಸರಿದೆ. ಮುಂಡಗೋಡದ ಪೇಟೆಯಲ್ಲಿ ಕೇಳಿದ 'ಲಾಮಾ' ಎಂಬ ಮಾತನ್ನೇ ಹಿಡಿದು, ಅಲ್ಲಿರುವ ಎಲ್ಲರೂ ಗುರುಪದವಿಯವರೆಂದು ಮುಂದೊಂದು ಕಾಲದಲ್ಲಿ ಯಾರಾದರೂ ಬರೆದರೆ ಅದು ಸತ್ಯವಾಗಲಾರದು. ಜಿಮ್ನೊಸೊಫಿಸ್ಟ್ ಎಂಬ ಪದದ ಸ್ಥಿತಿಯೂ ಇದೇ.

ಕಲಾನಸನ ಚಿತೆ

ಇದು ಪಂಡಿತರ ಚರ್ಚೆ ಮಾತ್ರವಾಗಿದ್ದರೆ ಶ್ರಾವಕರು ಇಷ್ಟು ಚಿಂತಿಸಬೇಕಾಗಿರಲಿಲ್ಲ. ಕಲಾನಸನ ಅಂತ್ಯವನ್ನು ನೋಡಿದಾಗ ವಿಷಯದ ಗಾಂಭೀರ್ಯ ತಿಳಿಯುತ್ತದೆ.

ಕಲಾನಸನು ಅಲೆಕ್ಸಾಂಡರನ ಪರಿವಾರದೊಡನೆ ಪರ್ಷಿಯಾಕ್ಕೆ ಹೋದನು. ಕ್ರಿ.ಪೂ. 324ರ ಸುಮಾರಿಗೆ, ತನ್ನ 73ನೆಯ ವಯಸ್ಸಿನಲ್ಲಿ ಅಲ್ಲಿ ರೋಗಪೀಡಿತನಾದಾಗ ಚಿತೆಯನ್ನು ಸಿದ್ಧಗೊಳಿಸಿಕೊಂಡು ಸೈನ್ಯದ ಸಮಕ್ಷಮದಲ್ಲಿ ಬೆಂಕಿಗೆ ದೇಹವನ್ನರ್ಪಿಸಿದನು. ಇದನ್ನು ಜೈನ ಮುನಿಯ ಸಮಾಧಿಮರಣವೆಂದು ಬರೆದರೆ ಏನಾಗುತ್ತದೆ? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಬೆಟ್ಟದಿಂದ ಬೀಳುವುದನ್ನೂ ಬೆಂಕಿಗೆ ಬೀಳುವುದನ್ನೂ ಧರ್ಮವೆಂದು ನಂಬುವುದು ಲೋಕಮೂಢತೆ ಎಂದು ಸ್ಪಷ್ಟವಾಗಿ ಹೇಳಿದೆ. ಅಗ್ನಿಯಲ್ಲಿ ಅಸಂಖ್ಯ ಜೀವಗಳ ಹಿಂಸೆಯಿದೆ. ಸಲ್ಲೇಖನವಾದರೋ ಕಷಾಯಗಳನ್ನೂ ಕಾಯವನ್ನೂ ಕ್ರಮಕ್ರಮವಾಗಿ ಕೃಶಗೊಳಿಸುವ ವ್ರತ. ಬದುಕಬೇಕೆಂಬ ಆಸೆಯಂತೆ ಬೇಗ ಸಾಯಬೇಕೆಂಬ ಆಸೆಯೂ ಅದರಲ್ಲಿ ಅತಿಚಾರವೇ. ಸ್ವತಃ ಮೆಗಸ್ತನೀಸನು ಆತ್ಮಹತ್ಯೆ ಭಾರತದ ಜ್ಞಾನಿಗಳ ಸಿದ್ಧಾಂತವಲ್ಲವೆಂದೂ, ಕಲಾನಸನು ಸಂಯಮವಿಲ್ಲದೆ ಅಲೆಕ್ಸಾಂಡರನ ಪಂಕ್ತಿಗೆ ದಾಸನಾದವನೆಂದೂ ಬರೆದನೆಂದು ಸ್ಟ್ರಾಬೊ ದಾಖಲಿಸಿದ್ದಾನೆ.

2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪಿತ್ತಾಗ ದೇಶದಾದ್ಯಂತ ಜೈನ ಸಮಾಜ ಮೌನ ಮೆರವಣಿಗೆ ಮಾಡಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಸಲ್ಲೇಖನವು ಆತ್ಮಹತ್ಯೆಯಲ್ಲ ಎಂದು ಸಮಾಜ ಅಂದು ಒಕ್ಕೊರಲಿನಿಂದ ಸಾರಿತು. ಒಂದು ಕೈಯಿಂದ ಹೀಗೆ ಸಾರುತ್ತ, ಇನ್ನೊಂದು ಕೈಯಿಂದ ರೋಗಕ್ಕೆ ಬೇಸತ್ತು ಚಿತೆಯೇರಿದವನನ್ನು ದಿಗಂಬರ ಮುನಿಯೆಂದು ಸ್ಮರಣ ಸಂಚಿಕೆಯಲ್ಲಿ ಮುದ್ರಿಸಿದರೆ, ಆ ಪುಟವೇ ಸಮಾಜದ ವಿರುದ್ಧ ಸಾಕ್ಷಿಯಾಗದೆ? ಅಲೆಕ್ಸಾಂಡರನ ಹೆಸರಿನಿಂದ ದೊರೆಯುವ ಅಲ್ಪ ಹೆಮ್ಮೆಗಾಗಿ ಸಿದ್ಧಾಂತದ ಅಮೂಲ್ಯ ಭೇದವನ್ನೇ ಒತ್ತೆಯಿಟ್ಟಂತಾಗುತ್ತದೆ.

ಪಲಾಶಿಕೆಯ ತಾಮ್ರಪಟಗಳು

ಈಗ ತಕ್ಕಡಿಯ ಇನ್ನೊಂದು ತಟ್ಟೆಯತ್ತ ಬರಬಹುದು. ಮುಂಡಗೋಡದ ದಕ್ಷಿಣಕ್ಕೆ ಬನವಾಸಿ, ಹಳಿಯಾಳದ ಉತ್ತರಕ್ಕೆ ಹಲಸಿ; ಎರಡೂ ಕದಂಬರ ರಾಜಧಾನಿಗಳು. ಮುಂಡಗೋಡ, ಹಳಿಯಾಳ, ದಾಂಡೇಲಿ, ಜೊಯಿಡಾ ಸೀಮೆ ಇವೆರಡರ ನಡುವೆ ಮತ್ತು ಮಗ್ಗುಲಲ್ಲಿ ಹರಡಿದೆ. ಹಲಸಿಯ ಪ್ರಾಚೀನ ಹೆಸರು ಪಲಾಶಿಕೆ. ಅಲ್ಲಿ ದೊರೆತ ಕದಂಬರ ಸಂಸ್ಕೃತ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ ಅವರು 1870ರ ದಶಕದಲ್ಲಿ ಪ್ರಕಟಿಸಿದರು.

ಅವುಗಳಲ್ಲೊಂದು ಕಾಕುಸ್ಥವರ್ಮನು ಯುವರಾಜನಾಗಿದ್ದಾಗ ತನ್ನನ್ನು ರಕ್ಷಿಸಿದ ಸೇನಾಪತಿ ಶ್ರುತಕೀರ್ತಿಗೆ ಖೇಟಗ್ರಾಮದಲ್ಲಿ ಭೂಮಿಯಿತ್ತುದನ್ನು ಹೇಳುತ್ತದೆ. ಅದರ ಆರಂಭವೇ ಜಿನೇಂದ್ರಸ್ತುತಿ. ಇನ್ನೊಂದು ಮೃಗೇಶವರ್ಮನದು, 5ನೆಯ ಶತಮಾನದ ಉತ್ತರಾರ್ಧಕ್ಕೆ ಸೇರಿದುದು. ಆತನು ತನ್ನ ತಂದೆಯ ಪುಣ್ಯಾರ್ಥವಾಗಿ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ, ರಾಜಮಾನದಿಂದ ಅಳೆದ 33 ನಿವರ್ತನ ಭೂಮಿಯನ್ನು ಯಾಪನೀಯರಿಗೆ, ನಿರ್ಗ್ರಂಥರಿಗೆ, ಕೂರ್ಚಕರಿಗೆ ದತ್ತಿಯಾಗಿ ಬಿಟ್ಟನು. ಆತನ ಮಗ ರವಿವರ್ಮನ ಶಾಸನವು ಪಲಾಶಿಕೆಯಲ್ಲಿ ಪ್ರತಿವರ್ಷ ಕಾರ್ತಿಕದಲ್ಲಿ ಎಂಟು ದಿನಗಳ ಜಿನೇಂದ್ರ ಮಹೋತ್ಸವ ನಡೆಯಬೇಕೆಂದೂ, ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಆಹಾರದಾನವಾಗಬೇಕೆಂದೂ ವಿಧಿಸುತ್ತದೆ. ಇಂದಿಗೂ ಆಚರಣೆಯಲ್ಲಿರುವ ಅಷ್ಟಾಹ್ನಿಕ ಪರ್ವ ಮತ್ತು ಚಾತುರ್ಮಾಸಗಳನ್ನು ಬಲ್ಲ ಯಾವ ಶ್ರಾವಕನಿಗೂ ಇಲ್ಲಿ ದುಭಾಷಿ ಬೇಕಾಗಿಲ್ಲ. ಮೃಗೇಶವರ್ಮನದೇ ಆದ ದೇವಗಿರಿಯ ಶಾಸನವಂತೂ ಒಂದು ಗ್ರಾಮವನ್ನು ಮೂರು ಪಾಲು ಮಾಡಿ, ಒಂದನ್ನು ಅರ್ಹದಾಲಯಕ್ಕೆ, ಒಂದನ್ನು ಶ್ವೇತಪಟ ಮಹಾಶ್ರಮಣ ಸಂಘಕ್ಕೆ, ಇನ್ನೊಂದನ್ನು ನಿರ್ಗ್ರಂಥ ಮಹಾಶ್ರಮಣ ಸಂಘಕ್ಕೆ ಹಂಚುತ್ತದೆ.

ಇಲ್ಲಿಯ ಲೇಖಕನ ಸೂಕ್ಷ್ಮತೆಯನ್ನು ಗಮನಿಸಬೇಕು. ಯಾಪನೀಯ ಮುನಿಗಳೂ ನಗ್ನರೇ, ನಿರ್ಗ್ರಂಥ ಮುನಿಗಳೂ ನಗ್ನರೇ. ಗ್ರೀಕನಾಗಿದ್ದರೆ ಇಬ್ಬರನ್ನೂ ಒಂದೇ ಪದದಲ್ಲಿ ಮುಗಿಸುತ್ತಿದ್ದನು. ಸ್ತ್ರೀಮುಕ್ತಿಯೇ ಮೊದಲಾದ ವಿಷಯಗಳಲ್ಲಿ ಅವರಿಗಿದ್ದ ಭೇದ ಹೊರಗಣ್ಣಿಗೆ ಕಾಣುವುದಲ್ಲ. ಕದಂಬರ ಕರಣಿಕನಿಗೆ ಅವರು ಬೇರೆ ಬೇರೆ ಸಂಘದವರೆಂದು ತಿಳಿದಿತ್ತು. ದತ್ತಿ ಯಾರಿಗೆ ಸಲ್ಲಬೇಕೆಂಬುದರಲ್ಲಿ ಸಂದೇಹ ಉಳಿಯಬಾರದೆಂದು ಹೆಸರು ಹೆಸರಾಗಿ ಬರೆದನು.

'ನಿರ್ಗ್ರಂಥ' ಎಂಬ ಪದವೂ ಹಾಗೆಯೇ ಒಳಗಿನಿಂದ ಹುಟ್ಟಿದ್ದು. ಗ್ರಂಥಿ ಎಂದರೆ ಗಂಟು. ಭೂಮಿ, ಮನೆ, ಧನ, ಧಾನ್ಯ ಮೊದಲಾದ 10 ಬಾಹ್ಯ ಪರಿಗ್ರಹಗಳು. ಮಿಥ್ಯಾತ್ವ, ಕ್ರೋಧ, ಮಾನ, ಮಾಯೆ, ಲೋಭ ಮೊದಲಾದ 14 ಅಂತರಂಗ ಪರಿಗ್ರಹಗಳು. ಈ 24 ಗಂಟುಗಳನ್ನೂ ಬಿಚ್ಚಿದವನೇ ನಿರ್ಗ್ರಂಥ. ದಿಗಂಬರ ಮುನಿಯ 28 ಮೂಲಗುಣಗಳಲ್ಲಿ ವಸ್ತ್ರತ್ಯಾಗವು ಒಂದು ಮಾತ್ರ. ಜಿಮ್ನೊಸೊಫಿಸ್ಟ್ ಎಂಬ ಪದ ಆ ಒಂದನ್ನು ಕಂಡಿತು, ಉಳಿದ 27ನ್ನು ಕಾಣಲಿಲ್ಲ. ಪರದೇಶಿ ಪದದ ಮೆರುಗಿಗೆ ಮರುಳಾಗಿ ಅದನ್ನೇ ಬಿರುದೆಂದು ಧರಿಸುವುದು, ತುಂಬಿದ ಕಣಜವನ್ನು ಬಿಟ್ಟು ಅದರ ಬಾಗಿಲಿಗಂಟಿದ ಕಾಳನ್ನು ಆರಿಸಿದಂತೆ.

ಶ್ರಾವಕರ ಹೊಣೆ

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಬರಹವನ್ನು ಎಣಿಸಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸುಳ್ಳು ಅಳತೆಯನ್ನೂ, ಒಂದನ್ನು ತೋರಿಸಿ ಮತ್ತೊಂದನ್ನು ಕೊಡುವ ಪ್ರತಿರೂಪಕ ವ್ಯವಹಾರವನ್ನೂ ಎಣಿಸಿದೆ. ಈ ನಿಯಮಗಳು ಅಂಗಡಿಯ ಗಲ್ಲಕ್ಕೆ ಮಾತ್ರ ಸೀಮಿತವಲ್ಲ. ಇನ್ನೊಬ್ಬರಿಗೆ ಸಲ್ಲಬಹುದಾದ ಕೀರ್ತಿಯನ್ನು ಆಧಾರವಿಲ್ಲದೆ ತನ್ನದೆಂದು ಬರೆದುಕೊಳ್ಳುವುದು ಕೂಟಲೇಖವೇ. ಊಹೆಯನ್ನು ಇತಿಹಾಸದ ಬೆಲೆಗೆ ಮಾರುವುದು ಪ್ರತಿರೂಪಕ ವ್ಯವಹಾರವೇ. ಖಾತೆ ಪುಸ್ತಕದಲ್ಲಿ ಒಂದು ಕಲಮು ಸುಳ್ಳೆಂದು ಸಿದ್ಧವಾದರೆ ಉಳಿದ ನೂರು ಸರಿಯಾದ ಕಲಮುಗಳನ್ನೂ ಲೆಕ್ಕ ಪರಿಶೋಧಕನು ಸಂಶಯದಿಂದಲೇ ನೋಡುತ್ತಾನೆ. ಕಾಲೇಜಿನಲ್ಲಿ ಇತಿಹಾಸ ಓದುವ ಮಕ್ಕಳು ಸ್ಟ್ರಾಬೊನನ್ನು ತೆರೆದು ನೋಡಿದ ದಿನ, ಬಸದಿಯ ಪುಸ್ತಿಕೆಯಲ್ಲಿರುವ ಸತ್ಯ ಸಂಗತಿಗಳ ಮೇಲೂ ಅವರಿಗೆ ನಂಬಿಕೆ ತಗ್ಗೀತು.

ಬಸದಿಗಳ ಟ್ರಸ್ಟುಗಳು ಫಲಕ, ಪುಸ್ತಿಕೆಗಳನ್ನು ಸಿದ್ಧಪಡಿಸುವಾಗ ಇಷ್ಟನ್ನು ನಿಶ್ಶಂಕೆಯಿಂದ ಬರೆಯಬಹುದು. ಕ್ರಿ.ಪೂ. 326ರಲ್ಲಿ ಗ್ರೀಕರು ತಕ್ಷಶಿಲೆಯಲ್ಲಿ ನಗ್ನ ತಪಸ್ವಿಗಳನ್ನು ಕಂಡರು. ಅಂಥವರಿಗೆ ಜಿಮ್ನೊಸೊಫಿಸ್ಟ್ ಎಂಬ ಹೆಸರು ಬಂದಿತು. ಅವರಲ್ಲಿ ನಿರ್ಗ್ರಂಥರು ಇದ್ದಿರಬಹುದು, ಇದ್ದರೆಂದು ಸಿದ್ಧವಾಗಿಲ್ಲ. ಚಿತೆಯೇರಿದ ಕಲಾನಸನ ಮರಣವು ಸಲ್ಲೇಖನವಲ್ಲ. ಅಶೋಕನ ಸ್ತಂಭಶಾಸನದಲ್ಲಿ ನಿರ್ಗ್ರಂಥರ ಹೆಸರು ಸ್ಪಷ್ಟವಾಗಿದೆ. ಹಳಿಯಾಳ ಸೀಮೆಯ ನೆರೆಯ ಪಲಾಶಿಕೆಯಲ್ಲಿ ಸುಮಾರು 1500 ವರ್ಷಗಳ ಹಿಂದೆಯೇ ಅವರ ಹೆಸರಿನಲ್ಲಿ ಅಳೆದು ಬಿಟ್ಟ ಭೂಮಿಯಿತ್ತು, ಜಿನಾಲಯವಿತ್ತು, ಎಂಟು ದಿನಗಳ ಉತ್ಸವವಿತ್ತು.

ಮಕ್ಕಳಿಗೆ ಇತಿಹಾಸವನ್ನು ತೋರಿಸಬೇಕೆಂಬ ಹಂಬಲವುಳ್ಳ ಕುಟುಂಬಗಳು ತಕ್ಷಶಿಲೆಯವರೆಗೆ ಹೋಗಬೇಕಾಗಿಲ್ಲ. ಹಳಿಯಾಳದಿಂದಲೋ ದಾಂಡೇಲಿಯಿಂದಲೋ ಬೆಳಿಗ್ಗೆ ಹೊರಟರೆ ಹಲಸಿಯನ್ನು ನೋಡಿ ಸೂರ್ಯಾಸ್ತಕ್ಕೆ ಮುನ್ನ ಊಟಕ್ಕೆ ಮನೆ ಸೇರಬಹುದು.